ಹಳೆಯ ಗೂಟ

ಬೆನ್ನಿಗೆ ಗೂಟ ತಗುಲಲಿಲ್ಲ. ಆದರೂ ದೊಡ್ಡಕ್ಕನ ಕಾಲು ನಿಂತುಬಿಟ್ಟಿತು.

ಸೊಂಟಕ್ಕೆ ನಾರಿನ ಹೊರೆ ಕಟ್ಟಿಕೊಂಡು, ಎಳೆ ಬಿಡುತ್ತ ಬಿಡುತ್ತ ಹಿಂದು ಹಿಂದಕ್ಕೆ ನಡೆಯುವುದು ಅವಳ ಮೂವತ್ತೊಂದು ವರ್ಷದ ಕಸುಬು. ಎದುರಿಗೆ ಸೊಸೆ ರಾಟೆ ತಿರುಗಿಸಬೇಕು, ನಡುವೆ ಹಗ್ಗ ಬೆಳೆಯಬೇಕು. ಬೆನ್ನಿಗೆ ಗೂಟ ತಗುಲಿತೆಂದರೆ ನಲವತ್ತು ಮಾರು ಆಯಿತು ಅಂತ. ತಿರುಗಿ ನೋಡುವ ಅಗತ್ಯವೇ ಅವಳಿಗೆ ಬಿದ್ದಿರಲಿಲ್ಲ.

"ಮತ್ತೆ ನಿಂತ್ರಾ ಅತ್ತೆ?" ಸೊಸೆ ರಾಟೆಯ ಕಡೆಯಿಂದ ಕೂಗಿದಳು.

"ನಾನೆಲ್ಲಿ ನಿಂತೆ? ಕಾಲು ನಿಂತ್ಕೊಂತು."

ಎಂಟು ದಿನದ ಹಿಂದೆ, ಕೊಳ್ಳುವವರು ಮೀಟರಿನಲ್ಲಿ ಕೇಳುತ್ತಾರೆಂದು ಗುಮಾಸ್ತ ಗೂಟ ಕೀಳಿಸಿದ್ದ. ಮಾರಿಗೆ ಎರಡು ಮೀಟರ್, ನಲವತ್ತಕ್ಕೆ ಎಂಬತ್ತು ಎಂದು ನಿಂತ ನಿಲುವಿನಲ್ಲೇ ಲೆಕ್ಕ ಮುಗಿಸಿ ಹೊಸ ಗೂಟ ಹೊಡೆಸಿದ್ದ. ದಿನಕ್ಕೆ ಹತ್ತು ಹಗ್ಗ ಹೊಸೆದವರು ಮನೆಗೆ ಹೋಗಬಹುದು ಎಂಬ ಮಾತು ಮಾತ್ರ ಹಾಗೇ ಉಳಿಯಿತು. ಅಂದಿನಿಂದ ದೀಪ ಹಚ್ಚುವ ಮೊದಲು ಒಬ್ಬಳೂ ಮನೆ ಸೇರಿಲ್ಲ. ದೊಡ್ಡಕ್ಕನ ಕಾಲು ಹಳೆಯ ಜಾಗದಲ್ಲೇ ನಿಂತು ನಿಂತು, ಮೂರು ಹಗ್ಗ ಗಿಡ್ಡವೆಂದು ಮೂಲೆ ಸೇರಿದ್ದವು. ಐದನೆಯದು ಬಂದರೆ ನಾಳೆಯಿಂದ ಬರಬೇಡಿ ಎಂದು ಬೆಳಿಗ್ಗೆಯೇ ಹೇಳಿಯಾಗಿತ್ತು.

ಗುಮಾಸ್ತ ಟೇಪು ಎಳೆದುಕೊಂಡು ಬಂದ. "ಎಪ್ಪತ್ಮೂರು. ನಾಲ್ಕನೇದೂ ಗಿಡ್ಡ. ಏಳು ಮೀಟರ್ ಎಲ್ಲೋಯ್ತು ದೊಡ್ಡಕ್ಕ? ನುಂಗಿದ್ರಾ?"

"ನಾರು ನುಂಗಿ ಬದುಕೋ ಹಾಗಿದ್ರೆ ನಿನ್ನ ಮುಖ ನೋಡೋಕೆ ಇಲ್ಲಿಗ್ಯಾಕೆ ಬರ್ತಿದ್ದೆ? ಹಳೇ ಗೂಟ ಇದ್ದಿದ್ದೇ ಇಲ್ಲಿ. ನಲವತ್ತು ಮಾರು."

"ಅದನ್ನ ನೀವೇ ವರ್ಷಕ್ಕಿಷ್ಟು ಅಂತ ರಾಟೆ ಕಡೆಗೆ ಸರಿಸಿದೀರಿ. ಮಾರು ಅಂದ್ರೇನು, ಅವರವರ ತೋಳು, ಅವರವರ ಅಳತೆ. ಮೀಟರ್ ಹಾಗಲ್ಲ. ಭೂಮೀನೇ ಅಳೆದು ಭಾಗ ಮಾಡಿ ತೆಗೆದದ್ದು."

"ಭೂಮಿ ಅಳೆದೋರು ಸರಿಯಾಗೇ ಅಳೆದಿರ್ತಾರಪ್ಪ. ನಮ್ಮ ಮಾರನ್ನ ಅಳೆದೋರು ಯಾರು?"

"ಲೆಕ್ಕಕ್ಕೆ ಸುಲಭ ಆಗ್ಲಿ ಅಂತ ಎರಡು ಹಿಡಿದಿದ್ದು. ಅಲ್ಪಸ್ವಲ್ಪ ಹೆಚ್ಚುಕಮ್ಮಿ ಇರುತ್ತೆ."

ಆ ಅಲ್ಪಸ್ವಲ್ಪವೇ ಹತ್ತು ಹಗ್ಗಕ್ಕೆ ಹನ್ನೊಂದನೆಯದರಷ್ಟು ದಾರಿ. ಕಾಗದಕ್ಕೆ ಸುಲಭವಾದದ್ದು ಹೆಂಗಸರ ಮಂಡಿಗೆ ಬಂದು ಕೂತಿತ್ತು.

ದೊಡ್ಡಕ್ಕ ಸೊಂಟದ ಹೊರೆ ಬಿಚ್ಚಿಟ್ಟು ಉಗ್ರಾಣದತ್ತ ನಡೆದಳು. ಮುಂದಕ್ಕೆ ನಡೆಯುವಾಗ ಅವಳು ಕುಂಟುತ್ತಿದ್ದಳು. ಈ ಅಂಗಳದ ಮಾರು ಹುಟ್ಟಿದ್ದು ಉಗ್ರಾಣದ ಗೋಡೆಯಲ್ಲಿ. ಯಜಮಾನರ ತಾತ ಗೋಡೆಗೆ ಬೆನ್ನು ಕೊಟ್ಟು ಎರಡೂ ತೋಳು ಚಾಚಿದ್ದರಂತೆ, ನಡುಬೆರಳ ತುದಿಗೊಂದೊಂದು ಮೊಳೆ ಹೊಡೆಸಿದ್ದರಂತೆ. ಆರಡಿ ಎತ್ತರದ ಗಂಡಸಿನ ತೋಳು, ಅಳತೆ ಹೆಂಗಸರ ಬೆವರಿಗೆ. ಹೋದ ತಿಂಗಳು ಸುಣ್ಣ ಬಳಿಯುವಾಗ ಮೊಳೆ ಕಿತ್ತಿದ್ದರು.

ಅವಳು ಬೆರಳಿಂದ ಗೋಡೆ ತಡವಿದಳು. ಒಂದು ಕಡೆ ಸುಣ್ಣ ಕುಸಿಯಿತು, ಉಗುರಿನಿಂದ ಕೆರೆದಳು. ಇನ್ನೊಂದು ತೂತೂ ಸಿಕ್ಕಿತು. ಹಿಂದೆಯೇ ಬಂದ ಹೆಂಗಸರು ಬಾಗಿಲಲ್ಲಿ ಕಿಕ್ಕಿರಿದರು.

"ಹಿಡಿ ಟೇಪು."

"ಈ ಗೋಡೇಲಿ ತೂತಿಗೇನು ಬರವಾ?" ಗುಮಾಸ್ತ ಕೈಕಟ್ಟಿ ನಿಂತ. "ಅವೇ ಮೊಳೆ ಇದ್ದ ತೂತು ಅಂತ ಗ್ಯಾರಂಟಿ ಏನು?"

"ಕೆಲಸಕ್ಕೆ ಬಂದ ಹೊಸದರಲ್ಲಿ ಇಲ್ಲೇ ಕೈ ಚಾಚಿ ನೋಡ್ಕೊಂಡಿದ್ದೆ. ಒಂದೇ ಒಂದು ಗೇಣು ಸಾಲ್ತಿರ್ಲಿಲ್ಲ."

ಗೋಡೆಗೆ ಒರಗಿ ಬಲಗೈಯ ನಡುಬೆರಳನ್ನು ಒಂದು ತೂತಿಗೆ ಇಟ್ಟಳು. ಎಡಗೈ ಎತ್ತಿದಳು. ಭುಜ ಕಟಕ್ಕೆಂದಿತು, ಮೊಣಕೈ ನೆಟ್ಟಗಾಗಲಿಲ್ಲ. ಉಳಿದದ್ದು ಒಂದು ಗೇಣಲ್ಲ.

"ನೋಡಿದ್ರಾ?" ಗುಮಾಸ್ತ ನಕ್ಕ. "ಗೋಡೆ ಬೆಳೆದ್ಬಿಟ್ಟಿದೆ!"

ಸೊಸೆ ಹೆಂಗಸರನ್ನು ಸರಿಸಿಕೊಂಡು ಬಂದಳು. ಅತ್ತೆಯ ಎಡಗೈ ಬೆರಳ ತುದಿಗೆ ತನ್ನ ಹೆಬ್ಬೆರಳು ಕೊಟ್ಟು ಒಂದು ಗೇಣು ಇಟ್ಟಳು. ಅಲ್ಲಿಂದ ಇನ್ನೊಂದು. ಕಿರುಬೆರಳು ತೂತಿನ ಮೇಲೆ ಬಂದು ಕೂತಿತು.

"ಒಂದು ಗೇಣು ಅವಾಗ್ಲೇ ಕಮ್ಮಿ ಇತ್ತು," ಎಂದಳು. "ಇನ್ನೊಂದು ನಿಮ್ಮಲ್ಲೇ ಸವೆದಿದ್ದು."

ಗುಮಾಸ್ತನ ನಗು ಅಲ್ಲೇ ನಿಂತಿತು. ಅವನು ಟೇಪು ಎಳೆದ.

"ಎಷ್ಟಣ್ಣ?" ಬಾಗಿಲಲ್ಲಿದ್ದವಳೊಬ್ಬಳು ಕೇಳಿದಳು. "ಭೂಮಿ ಅಳೆದೋರು ಏನಂತಾರೆ?"

"ಒಂದು ಮೀಟರ್ ಎಂಬತ್ಮೂರು."

"ನಲವತ್ತಕ್ಕೆ?"

ಅವನು ಟೇಪು ಒಳಕ್ಕೆ ಬಿಟ್ಟ. "ಎಪ್ಪತ್ಮೂರು ಚಿಲ್ಲರೆ. ಯಜಮಾನ್ರನ್ನ ಕೇಳ್ಬೇಕು. ಅಲ್ಲೀವರೆಗೂ ಎಂಬತ್ತೇ."

"ಕೇಳಪ್ಪ," ಎಂದಳು ದೊಡ್ಡಕ್ಕ.

ಅಂಗಳಕ್ಕೆ ಮರಳಿ ಹೊಸ ಹೊರೆ ಕಟ್ಟಿಕೊಂಡಳು. ಗುಮಾಸ್ತ ಉಗ್ರಾಣದ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದ. ರಾಟೆ ಕಿರ್ರೆಂದಿತು. ಅವಳು ಹಿಂದು ಹಿಂದಕ್ಕೆ ನಡೆದಳು, ಆಚೀಚೆಯ ಸಾಲಿನವರೂ ನಡೆದರು. ಈ ಸಲ ನಿಲ್ಲಬಾರದು, ಹೊಸ ಗೂಟದವರೆಗೂ ಹೋಗಿಬಿಡಬೇಕು ಎಂದು ಕಾಲಿಗೆ ತಿಳಿಹೇಳುತ್ತಲೇ ಹೋಗುತ್ತಿದ್ದಳು.

ಹಳೆಯ ಜಾಗ ಬಂತು. ಅವಳ ಕಾಲು ನಿಲ್ಲುವ ಮೊದಲೇ ಹಗ್ಗದ ತಿರುವು ನಿಂತಿತು. ದೂರದಲ್ಲಿ ಸೊಸೆ ರಾಟೆಯಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಪಕ್ಕದ ರಾಟೆ ನಿಂತಿತು. ಅದರಾಚೆಯದೂ.

ದೊಡ್ಡಕ್ಕ ತಿರುಗಿ ನೋಡಿದಳು. ಏಳು ಮೀಟರ್ ಬರೀ ಮಣ್ಣು. ಅದರ ಕೊನೆಗೆ ಹೊಸ ಗೂಟ, ಕೊಯ್ದ ತಲೆ ಇನ್ನೂ ಬೆಳ್ಳಗಿತ್ತು.