ಒಂದೇ ಸಂಖ್ಯೆಯ ಎರಡು ದನಿ

"ಇದು ಇವರ ದನಿ ಅಲ್ಲವಲ್ಲಮ್ಮಾ," ಎಂದರು ಬಸ್ ಕಂಡಕ್ಟರರ ಹೆಂಡತಿ. "ಯಾರೋ ಹರೆಯದ ಹುಡುಗನದು. ಇವರು ಬಾಯಿ ಬಿಟ್ರೆ ಹಿಂದಿನ ಸೀಟಲ್ಲಿ ಗೊರಕೆ ಹೊಡೆಯೋರೂ ಎದ್ದು ಕೂರ್ತಿದ್ರು."

ಕೊರಳಿಗೆ ಬಿಳಿ ಪಟ್ಟಿ ಸುತ್ತಿದ್ದ ಕಂಡಕ್ಟರು ಮೇಜಿನ ಮೇಲಿನ ಯಂತ್ರವನ್ನೇ ದಿಟ್ಟಿಸುತ್ತಿದ್ದರು. ಕ್ಯಾನ್ಸರ್ ತಗುಲಿದ ಧ್ವನಿಪೆಟ್ಟಿಗೆಯನ್ನು ತೆಗೆಯುವ ಮೊದಲು ಆಸ್ಪತ್ರೆಯವರು ಅವರಿಂದ ನೂರಾರು ವಾಕ್ಯಗಳನ್ನು ಓದಿಸಿ ಧ್ವನಿಮುದ್ರಿಸಿಕೊಂಡಿದ್ದರು. ಇನ್ನು ಮುಂದೆ ಅವರು ಟೈಪಿಸಿದ್ದನ್ನು ಯಂತ್ರವು ಅವರದೇ ದನಿಯಲ್ಲಿ ಆಡಬೇಕಿತ್ತು.

"ಇನ್ನೊಮ್ಮೆ ನೋಡ್ತೀನಿ," ಎಂದು ಪ್ರೋಗ್ರಾಮರ್ ಹುಡುಗಿ ಪರದೆಯತ್ತ ತಿರುಗಿದಳು. ನೋಡಲು ಏನೂ ಉಳಿದಿರಲಿಲ್ಲ. ಪ್ರತಿಯೊಬ್ಬರ ಧ್ವನಿಮುದ್ರಣಕ್ಕೂ ಒಂದು ಗುರುತಿನ ಸಂಖ್ಯೆ ಬೇಕು. ಅದನ್ನು ಹುಟ್ಟಿಸುವ ಕೆಲಸವನ್ನು ಡೇಟಾಬೇಸಿಗೆ ಬಿಡದೆ, ಕೊನೆಯ ಸಂಖ್ಯೆಗೆ ಒಂದನ್ನು ಕೂಡಿಸುವ ಸಾಲನ್ನು ಪ್ರೋಗ್ರಾಮಿನಲ್ಲಿ ಅವಳೇ ಬರೆದಿದ್ದಳು. ಮುದ್ರಣದ ದಿನ ಅಕ್ಕಪಕ್ಕದ ಕೋಣೆಗಳಲ್ಲಿ ಕಂಡಕ್ಟರೂ ಇನ್ನೊಬ್ಬ ಹುಡುಗನೂ ಒಮ್ಮೆಲೇ ಓದತೊಡಗಿದ್ದರು. ಇಬ್ಬರಿಗೂ ಒಂದೇ ಸಂಖ್ಯೆ ದಕ್ಕಿತ್ತು. ಎರಡನೆಯ ಮುದ್ರಣ ಬಂದಾಗ, ಪ್ರೋಗ್ರಾಮಿಗೂ ಡೇಟಾಬೇಸಿಗೂ ನಡುವೆ ನಿಂತು ದಾಖಲೆಗಳನ್ನು ಹೊಂದಿಸುವ ಪದರವು ಅದನ್ನು ಹಳೆಯದರ ತಿದ್ದುಪಡಿಯೆಂದು ಬಗೆದು, ಕಂಡಕ್ಟರರ ದನಿಯ ಮೇಲೆಯೇ ಬರೆದುಬಿಟ್ಟಿತ್ತು. ತಪ್ಪೆಂದು ಯಾವುದೂ ಸೊಲ್ಲೆತ್ತಿರಲಿಲ್ಲ. ಅಂದು ಸಂಜೆ ತೆಗೆದಿಟ್ಟ ಬ್ಯಾಕಪ್ ಪ್ರತಿಯಲ್ಲಿಯೂ ಆ ಹುಡುಗನೇ ಇದ್ದ.

"ಇಬ್ಬರಿಗೂ ಒಂದೇ ನಂಬರ್ ಬಿದ್ದಿದೆ ಅಮ್ಮಾ. ತಪ್ಪು ನಂದೇ. ಇವರದು ಅಳಿಸಿಹೋಗಿದೆ."

"ಅಷ್ಟೇ ತಾನೆ? ಇನ್ನೊಂದು ಸಲ ಓದಿಸ್ಕೊಂಡ್ರೆ..." ಎಂದ ಆಕೆ, ಗಂಡನ ಕೊರಳಿನ ಪಟ್ಟಿಯತ್ತ ನೋಡಿ, ಮಾತನ್ನು ಅಲ್ಲೇ ನುಂಗಿಕೊಂಡರು.

ಹುಡುಗಿ ತಡವರಿಸಿದಳು. "ಮನೇಲಿ ಫೋನಲ್ಲಿ, ಎಲ್ಲಾದ್ರೂ, ಇವರು ಮಾತಾಡಿರೋದು..."

"ಜೊತೆಗಿರೋರ ದನೀನ ಯಾರಮ್ಮಾ ಹಿಡಿದಿಟ್ಕೋತಾರೆ? ಇವರನ್ನ ಸುಮ್ಮನಿರಿಸೋದೇ ನಂಗೊಂದು ಕೆಲಸ ಆಗಿತ್ತು."

ಕಂಡಕ್ಟರು ಯಂತ್ರವನ್ನು ತಮ್ಮತ್ತ ಎಳೆದುಕೊಂಡು, ಅಕ್ಷರಗಳನ್ನು ಹುಡುಕಿ ಹುಡುಕಿ, ಒಂದೇ ಬೆರಳಿನಿಂದ ಒತ್ತಿದರು.

"ಪಾಪ, ಆ ಮಗೂನ ಬಿಡೇ," ಎಂದಿತು ಯಂತ್ರ, ಹರೆಯದ ತಿಳಿದನಿಯಲ್ಲಿ. "ಮನೆಗೆ ಹೋಗೋಣ ನಡಿ."

ಹೆಂಡತಿ ತಲೆಯೆತ್ತಿ ನೋಡಿದರು. ಗಂಡನ ಕಡೆಗಲ್ಲ, ಯಾರೋ ಹೊರಗಿನವರು ಬಂದರೆಂಬಂತೆ ಬಾಗಿಲ ಕಡೆಗೆ. ಇನ್ನೇನನ್ನೋ ಟೈಪಿಸಲು ಎತ್ತಿದ್ದ ಬೆರಳನ್ನು ಕಂಡಕ್ಟರು ಮೆಲ್ಲಗೆ ಅಂಗೈಯೊಳಗೆ ಮಡಿಚಿಕೊಂಡರು.