ಎಡೆಗೆಂದು ತಂದ ಬೋಟಿ

ಭಾನುವಾರ ಬೆಳಗ್ಗೆ ಮೈಸೂರಿನಲ್ಲಿ ಎಲ್ಲಿ ತಿನ್ನಬೇಕು ಎಂಬ ಪ್ರಶ್ನೆ ಬಂದರೆ ಹೂಟಗಳ್ಳಿಯ ಅರ್ಧ ಜನ ವಿಜಯ್‌ಕುಮಾರನಿಗೆ ಫೋನು ಮಾಡುತ್ತಾರೆ. ಅವನದು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ಸ್ವಿಚ್ಚು, ವೈರಿನ ಬಗ್ಗೆ ಕೇಳಿದರೆ ಎರಡು ಮಾತಿನಲ್ಲಿ ಮುಗಿಸುವ ಈ ಮನುಷ್ಯ ದೋಸೆಯ ಬಗ್ಗೆ ಕೇಳಿದರೆ ಗಿರಾಕಿಗೆ ಸ್ಟೂಲು ಹಾಕಿ ಕೂರಿಸಿ ಪುರಾಣ ತೆಗೆಯುತ್ತಾನೆ. ಯಾವ ಹೋಟೆಲಿಗೆ ಬೇಗ ಹೋದರೆ ಕಾವಲಿ ಕಾದಿರುವುದಿಲ್ಲ, ಯಾವ ಮೆಸ್ಸಿಗೆ ತಡವಾಗಿ ಹೋದರೆ ಸಾರಿಗೆ ನೀರು ಬಿದ್ದಿರುತ್ತದೆ, ಎಲ್ಲವೂ ಅವನಿಗೆ ಬಾಯಿಪಾಠ. ಅವನ ಹೆಂಡತಿ ಹೇಮಶ್ರೀ ಇದಕ್ಕೆ ಬ್ರಂಚು ಎನ್ನುತ್ತಾಳೆ. ತಿಂಡಿಯ ಹೊತ್ತು ಮೀರಿ, ಊಟದ ಹೊತ್ತು ಇನ್ನೂ ಬಾರದಿರುವಾಗ ಎರಡನ್ನೂ ಒಂದೇ ಏಟಿಗೆ ಮುಗಿಸುವ ಈ ಅಭ್ಯಾಸಕ್ಕೆ ಅವನ ಅಪ್ಪ ಚಾಮಯ್ಯ ಯಾವ ಹೆಸರನ್ನೂ ಇಟ್ಟಿರಲಿಲ್ಲ. "ಬಾರ್ಲಾ, ಯೋಗಣ್ಣನ ಹೋಟ್ಲಿಗೆ ಹೋಗ್ಬುಟ್ಟು ಬರಾನ" ಎಂದರೆ ಮುಗಿಯಿತು.

ಚಾಮಯ್ಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ವಾರವೆಲ್ಲ ಹೆಂಡತಿ ಬೀರಮ್ಮ ಕಟ್ಟಿಕೊಟ್ಟ ಕ್ಯಾರಿಯರ್ ಊಟ. ಭಾನುವಾರ ಮಾತ್ರ ಮಗನನ್ನು ಕರೆದುಕೊಂಡು ಚಾಮರಾಜಪುರಂ ರೈಲ್ವೆ ನಿಲ್ದಾಣದ ಹಿಂದಿನ ಗಲ್ಲಿಗೆ ಹೊರಡುತ್ತಿದ್ದರು. ಅಲ್ಲಿ ಯೋಗೇಂದ್ರ ಎಂಬವರ ಸಣ್ಣ ಹೋಟೆಲು, ನಾಲ್ಕಾರು ಬೆಂಚು, ಮತ್ತು ಇಡೀ ಮೈಸೂರಿನಲ್ಲಿ ಇನ್ನೆಲ್ಲೂ ಸಿಗದ ಬೋಟಿ ಗೊಜ್ಜು. ಕುರಿಯ ಕರುಳನ್ನು ಕೋಳಿ ಕೂಗುವ ಹೊತ್ತಿನಿಂದ ತೊಳೆದು, ಬೇಯಿಸಿ, ಮೆಣಸು ಧನಿಯಾ ಹುರಿದು ಹಾಕಿ ಮಾಡಿದ ಆ ಗೊಜ್ಜಿಗೆ ಮೆತ್ತನೆಯ ಖಾಲಿ ದೋಸೆ. ಅಲ್ಲಿ ಯಾರೂ ಏನು ಬೇಕೆಂದು ಕೇಳುವುದಿಲ್ಲ. ಹೋಗಿ ಕೂತರೆ ತಟ್ಟೆ ಬರುತ್ತದೆ, ಬಂದರೆ ತಿನ್ನಬೇಕು.

ಬೀರಮ್ಮ ಆ ಹೋಟೆಲಿನ ಹೊಸಿಲು ತುಳಿದವರಲ್ಲ. "ಹೆಂಗಸ್ರು ಕೂರೋ ಜಾಗ ಅಲ್ಲ ಅದು" ಎನ್ನುತ್ತಿದ್ದರು ಚಾಮಯ್ಯ. ಕಟ್ಟಿಸಿಕೊಂಡು ಬನ್ನಿ ಎಂದರೆ, "ಬೋಟೀನ ಅಲ್ಲೇ ಬಿಸಿಬಿಸೀಲಿ ತಿನ್ಬೇಕು, ಮನೆಗೆ ತಂದ್ರೆ ಕೆಟ್ಟೋಯ್ತದೆ" ಎಂಬ ಉತ್ತರ. ಬೀರಮ್ಮ ಮನೆಯಲ್ಲೇ ಮಾಡುತ್ತಿದ್ದರು, ಮಾಡಿ ಬಡಿಸಿ ಎದುರಿಗೇ ಕೂರುತ್ತಿದ್ದರು. ಚಾಮಯ್ಯ ಚೆನ್ನಾಗಿದೆ ಎನ್ನುತ್ತಿದ್ದರು, ಇಲ್ಲವೆನ್ನುವಂತಿಲ್ಲ. "ಯೋಗಣ್ಣನ ಬೋಟಿ ಥರ ಐತಾ?" ಎಂದು ಆಕೆ ಕೇಳಿದರೆ ಮಾತ್ರ ತಲೆ ತಗ್ಗಿಸಿ ಮುದ್ದೆ ಮುರಿಯತೊಡಗುತ್ತಿದ್ದರು.

ಮಗನೂ ಅಪ್ಪನಿಗೆ ತಕ್ಕವನೇ. ಹೆಂಡತಿಯನ್ನು ಕುವೆಂಪುನಗರದ ಕೆಫೆಗಳಿಗೆಲ್ಲ ಕರೆದೊಯ್ದ, ಗೆಳೆಯರಿಗೆ ಊರಿನ ಮೂಲೆ ಮೂಲೆಯ ಹೋಟೆಲು ತೋರಿಸಿದ. ಅಮ್ಮನಿಗೆ ಅಂಥದ್ದೆಲ್ಲ ಹಿಡಿಸುವುದಿಲ್ಲ ಎಂದು ತಾನೇ ತೀರ್ಮಾನ ಮಾಡಿಬಿಟ್ಟಿದ್ದ. ಒಂದು ಸಲ ಕೇಳಿ ನೋಡೋಣವೆಂದು ಅವನಿಗೆ ಹೊಳೆದಿರಲೇ ಇಲ್ಲ.

ಚಾಮಯ್ಯ ಹೋದ ವರ್ಷ ದೀಪಾವಳಿ ಕಳೆದ ಮೇಲೆ ತೀರಿಕೊಂಡರು. ಈ ಸಲದ ಪಕ್ಷ ಅವರ ಮೊದಲ ಪಕ್ಷ. ಮಹಾಲಯ ಅಮಾವಾಸ್ಯೆ ಭಾನುವಾರವೇ ಬಿತ್ತು. ಪಕ್ಷದ ದಿನ ಹೋದ ಹಿರಿಯರಿಗೆ ಏನೇನು ಇಷ್ಟವಿತ್ತೋ ಅದನ್ನೆಲ್ಲ ಬಾಳೆ ಎಲೆಯಲ್ಲಿ ಎಡೆ ಇಟ್ಟು, ಧೂಪ ಹಾಕಿ, ಬಾಗಿಲು ಮುಚ್ಚಿಕೊಂಡು ಹೊರಗೆ ಕೂರುವುದು ಅವರ ಮನೆಯ ಪದ್ಧತಿ. ಹಿರಿಯರು ಬಂದು ಉಂಡು ಹೋಗಬೇಕು. ಆಮೇಲೆ ಮನೆಯವರ ಊಟ. ಧೂಪ ಹಾಕುವ ಮಗ ಅಲ್ಲಿಯವರೆಗೆ ನೀರು ಬಿಟ್ಟು ಬೇರೇನನ್ನೂ ಬಾಯಿಗೆ ಹಾಕುವಂತಿಲ್ಲ.

ಬೆಳಗ್ಗೆ ಬೀರಮ್ಮ ಗಂಡನ ಹಳೆಯ ಕ್ಯಾರಿಯರನ್ನು ತಿಕ್ಕಿ ತೊಳೆದು ಮಗನ ಕೈಗೆ ಕೊಟ್ಟರು.

"ಇವತ್ತು ನಾನು ಬೋಟಿ ಮಾಡಾಕಿಲ್ಲ ಕಣೋ. ಮಟನ್ ಸಾರು, ಮುದ್ದೆ, ಕಜ್ಜಾಯ ನಾನು ಮಾಡ್ತೀನಿ. ಬೋಟಿ ಮಾತ್ರ ಯೋಗಣ್ಣನ ಹೋಟ್ಲಿಂದ ತಗೊಂಬಾ. ಜೀವ ಇರೋಗಂಟ ಅದನ್ನೇ ಹೊಗಳಿದ್ರು. ಇವತ್ತೊಂದಿನ ಅವರಿಗೆ ಇಷ್ಟವಾದ್ದೇ ತಿನ್ನಲಿ."

"ಆಯ್ತಮ್ಮ."

"ಎಡೆ ಎತ್ತಿದ ಮೇಲೆ ನಾನೂ ಒಸಿ ನೋಡ್ತೀನಿ, ಅದೇನೈತೆ ಅದ್ರಲ್ಲಿ ಅಂತ." ಬೀರಮ್ಮ ನಾಚಿಕೊಂಡಂತೆ ನಕ್ಕರು. ಆಮೇಲೆ ಗದರಿದರು: "ಬಾಯಿಗೆ ಏನೂ ಹಾಕ್ಬ್ಯಾಡ. ಧೂಪ ಹಾಕೋ ಕೈ ಅದು."

ಮಾರನೆಯ ದಿನದಿಂದ ದಸರಾ. ರಸ್ತೆಯುದ್ದಕ್ಕೂ ದೀಪ ಕಟ್ಟುವವರ ಏಣಿಗಳು, ಹೊರ ಊರಿನ ಕಾರುಗಳು. ವಿಜಯ್‌ಕುಮಾರ ಹೋಟೆಲು ಮುಟ್ಟುವಷ್ಟರಲ್ಲಿ ಹೊತ್ತಾಗಿತ್ತು. ಒಗ್ಗರಣೆಯ ವಾಸನೆ ಗಲ್ಲಿಯ ತುದಿಯಲ್ಲೇ ಮೂಗಿಗೆ ಬಡಿಯಿತು. ಅಪ್ಪ ಹೋದ ಮೇಲೆ ಅವನು ಇಲ್ಲಿಗೆ ಬಂದಿರಲಿಲ್ಲ.

"ಅಯ್ಯೋ, ಚಾಮಣ್ಣನ ಮಗ ಅಲ್ವಾ!" ಯೋಗಣ್ಣ ಗಲ್ಲಾ ಬಿಟ್ಟು ಎದ್ದು ಬಂದರು. "ಅಪ್ಪ ಹೋದ್ಮೇಲೆ ಈ ಕಡೆ ಬರ್ಲೇ ಇಲ್ವಲ್ಲಪ್ಪಾ. ಬಾ, ಕೂತ್ಕೋ."

"ಪಾರ್ಸಲ್ ಬೇಕಿತ್ತು ಅಣ್ಣ, ಬೋಟಿ" ಎಂದು ವಿಜಯ್‌ಕುಮಾರ ಕ್ಯಾರಿಯರ್ ಎತ್ತಿ ತೋರಿಸಿದ.

ಎಡೆಗೆ ಎಂಬ ಒಂದು ಮಾತು ಸೇರಿಸಿದ್ದರೆ ಸಾಕಿತ್ತು, ಯೋಗಣ್ಣ ಅವನನ್ನು ಬೆಂಚಿನ ಹತ್ತಿರವೂ ಬಿಡುತ್ತಿರಲಿಲ್ಲ. ಅಷ್ಟು ಜನರ ನಡುವೆ ಸತ್ತವರ ಮಾತೆತ್ತಿದರೆ ತನಗೆ ಅಳು ಬಂದೀತೆಂದು ಅವನು ಬಾಯಿ ಬಿಡಲಿಲ್ಲ.

"ತಪ್ಪಲೇಲಿ ಇನ್ನೊಸಿ ಐತೆ, ಕೊಡಾನ ಕೂತ್ಕೋ" ಎಂದು ಯೋಗಣ್ಣ ಅವನ ಹೆಗಲು ಹಿಡಿದು ಕೂರಿಸಿದ್ದು ಗೋಡೆ ಪಕ್ಕದ ಬೆಂಚಿನ ಮೇಲೆ, ಚಾಮಯ್ಯ ಕೂರುತ್ತಿದ್ದ ಜಾಗದಲ್ಲೇ. ಕೂತ ಮೇಲೆ ಕೇಳಬೇಕೇ, ಎಂದಿನಂತೆ ತಟ್ಟೆ ಬಂತು. ಮೆತ್ತನೆಯ ದೋಸೆ, ಪಕ್ಕದಲ್ಲಿ ಕಪ್ಪಗೆ ಹೊಳೆಯುವ ಗೊಜ್ಜು. ವಿಜಯ್‌ಕುಮಾರ ಅಪ್ಪನನ್ನು ನೆನೆಯುತ್ತಿದ್ದ. ಅವನ ಕೈ ಮಾತ್ರ ಇಪ್ಪತ್ತು ವರ್ಷದ ರೂಢಿಯಂತೆ ದೋಸೆ ಮುರಿದು, ಗೊಜ್ಜಿಗೆ ಅದ್ದಿ, ಬಾಯಿಗಿಟ್ಟಿತು. ನುಂಗಿದ ಮೇಲೆ ನೆನಪಾಯಿತು.

ಅಲ್ಲಿಗೇ ಎದ್ದಿದ್ದರೆ ಅದೊಂದು ಮರೆವಿನ ತಪ್ಪಾಗಿ ಮುಗಿಯುತ್ತಿತ್ತು. ಅಮ್ಮನಿಗೆ ಹೇಳಿದ್ದರೆ ಇನ್ನೊಂದು ಸ್ನಾನ ಮಾಡಿಸಿ ಕ್ಷಮಿಸಿಯೂ ಬಿಡುತ್ತಿದ್ದರು. ಆದರೆ ಮನುಷ್ಯನ ನಾಲಿಗೆಗೆ ವಕೀಲಿಕೆ ಚೆನ್ನಾಗಿ ಬರುತ್ತದೆ. ಕೆಟ್ಟದ್ದು ಕೆಟ್ಟಾಯಿತು, ಮುಳುಗಿದವನಿಗೆ ಚಳಿಯೇನು ಮಳೆಯೇನು, ಅಪ್ಪನ ಜಾಗದಲ್ಲಿ ಅಪ್ಪನ ಹೆಸರಲ್ಲೇ ತಿಂದರಾಯಿತು ಎಂದು ಅದು ವಾದಿಸಿತು. ಅವನು ತಟ್ಟೆ ಖಾಲಿ ಮಾಡಿದ. ಮಾಡಿ ಸುಮ್ಮನಾದನೇ? "ಅಣ್ಣ, ಇನ್ನೊಸಿ ಗೊಜ್ಜು" ಎಂದು ತಾನೇ ಬಾಯಿಬಿಟ್ಟು ಕೇಳಿದ. ಯೋಗಣ್ಣ ಖುಷಿಯಿಂದ ತಪ್ಪಲೆ ಬಗ್ಗಿಸಿ, ಕೆರೆದು, ಇದ್ದಬದ್ದದ್ದನ್ನೆಲ್ಲ ಬಡಿಸಿದರು.

ಕೈ ತೊಳೆದು ಬಂದು ಕ್ಯಾರಿಯರ್ ಮುಂದಿಟ್ಟಾಗ ಯೋಗಣ್ಣ ಅವನ ಮುಖ ನೋಡಿದರು.

"ಎಲ್ಲೈತಪ್ಪಾ ಇನ್ನು? ಪಾರ್ಸಲ್ದೂ ನೀನೇ ತಿಂದ್ಬುಟ್ಯಲ್ಲ! ನಿಂಗೇ ಅಂದ್ಕೊಂಡೆ. ಇಲ್ಲೇ ಬಿಸಿಬಿಸಿ ತಿಂದ್ನಲ್ಲ, ಅಪ್ಪನಂಗೇ, ಅಂತ ಖುಷಿಪಟ್ಟೆ."

ವಿಜಯ್‌ಕುಮಾರ ಖಾಲಿ ಕ್ಯಾರಿಯರಿನ ಮುಚ್ಚಳ ಹಾಕಿದ. ಅಪ್ಪನ ಎಡೆಯನ್ನು ಅವನು ತಿಂದು ಹಾಕಿದ್ದ, ಅದೂ ಎರಡನೆಯ ಸಲ ಕೇಳಿ ಹಾಕಿಸಿಕೊಂಡು.

ಹಿಂತಿರುಗುವಾಗ ರಿಂಗ್ ರೋಡಿನ ಬದಿಯ ಯಾವುದೋ ಮಿಲಿಟರಿ ಹೋಟೆಲಿನ ಮುಂದೆ ಸ್ಕೂಟರು ನಿಲ್ಲಿಸಿದ. ಗೆಳೆಯರು ಕೇಳಿದರೆ ಆ ದಿಕ್ಕಿಗೂ ತಲೆಹಾಕಬೇಡಿ ಎಂದು ಹೇಳುತ್ತಿದ್ದ ಹೋಟೆಲು ಅದು. ಬೋಟಿ ಇತ್ತು. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಕೊಟ್ಟದ್ದನ್ನು ರಸ್ತೆ ಪಕ್ಕದ ಮರದ ಕೆಳಗೆ ಅಪ್ಪನ ಕ್ಯಾರಿಯರಿಗೆ ಸುರಿದುಕೊಂಡ. ಯಾರಾದರೂ ನೋಡುತ್ತಿದ್ದಾರೆಯೇ ಎಂದು ಅತ್ತಿತ್ತ ನೋಡಿದ. ಕಳ್ಳತನದಲ್ಲೂ ಇಷ್ಟು ಹೆದರಿಕೆ ಇರುವುದಿಲ್ಲವೇನೋ.

ಮನೆಯಲ್ಲಿ ಬೀರಮ್ಮ ಬಾಗಿಲಲ್ಲೇ ಕಾಯುತ್ತಿದ್ದರು. ಬೆಳಗಿನಿಂದ ಒಲೆಯ ಮುಂದೆ ನಿಂತು ಮುಖ ಬಾಡಿತ್ತು, ಕಾಫಿಯೂ ಕುಡಿದಿರಲಿಲ್ಲ.

"ಸಿಕ್ತಾ? ಯೋಗಣ್ಣ ಏನಂದ್ರು?"

"ಅಪ್ಪನ್ನ ನೆನೆಸ್ಕೊಂಡ್ರು" ಎಂದ ವಿಜಯ್‌ಕುಮಾರ. ಅಷ್ಟು ಮಟ್ಟಿಗೆ ಅದು ನಿಜವಾದ ಮಾತೇ.

"ಪಾಪ, ಹೊಟ್ಟೆ ಹಸ್ಕೊಂಡು ಆ ವಾಸ್ನೇಲಿ ನಿಂತಿದ್ದೀಯ" ಎಂದು ಬೀರಮ್ಮ ಅವನ ತಲೆ ಸವರಿದರು. ಅದಕ್ಕಿಂತ ಎರಡೇಟು ಹಾಕಿದ್ದರೆ ಅವನಿಗೆ ಹಗುರಾಗುತ್ತಿತ್ತು. ಬಚ್ಚಲಿಗೆ ಹೋಗಿ ಸೋಪು ಹಚ್ಚಿ ಕೈ ತಿಕ್ಕಿದ, ಮತ್ತೆ ತಿಕ್ಕಿದ. ಬೆರಳಿನಲ್ಲಿ ಮಸಾಲೆಯ ವಾಸನೆ ಹಾಗೇ ಇತ್ತು, ಅಥವಾ ಅವನಿಗೆ ಹಾಗನ್ನಿಸಿತು.

ನಡುಮನೆಯ ಪಕ್ಕದ ಕೋಣೆಯಲ್ಲಿ ಚಾಮಯ್ಯನವರ ಫೋಟೊ, ಅದರ ಮುಂದೆ ಹೊಸ ಪಂಚೆ, ಟವೆಲು, ಒಂದು ಕಟ್ಟು ಬೀಡಿ. ಹೇಮಶ್ರೀ ಎಲೆ ಹಾಸಿ ಒಂದೊಂದಾಗಿ ಬಡಿಸಿದಳು. ಬೋಟಿಯನ್ನು ಮಾತ್ರ ಬೀರಮ್ಮ ಯಾರಿಗೂ ಬಿಡದೆ ತಾವೇ ಬಡಿಸಿದರು, ಎಲೆಯ ನಟ್ಟನಡುವೆ.

"ಧೂಪ ನೀನೇ ಹಾಕಮ್ಮ" ಎಂದ ವಿಜಯ್‌ಕುಮಾರ.

"ಹೆತ್ತ ಮಗ ಮುಂದೆ ನಿಂತಿರುವಾಗ ನಾನ್ಯಾಕೋ ಹಾಕ್ಲಿ? ಹಾಕು, ಅವ್ರಿಗೆ ಹಸಿವಾಗಿರ್ತದೆ."

ಅವನು ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿದ. ಅಪ್ಪಾ ತಪ್ಪಾಯಿತು ಎಂದು ಮನಸ್ಸಿನಲ್ಲಿ ಅಂದುಕೊಂಡರೂ ಫೋಟೊದ ಕಣ್ಣು ನೋಡಲು ಧೈರ್ಯ ಬರಲಿಲ್ಲ. ಬಾಗಿಲು ಮುಚ್ಚಿ ಮೂವರೂ ಹೊರಗೆ ಕೂತರು. ಬೀರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು, "ಈಗ ಬೋಟಿಗೇ ಮೊದ್ಲು ಕೈ ಹಾಕಿರ್ತಾರೆ ನೋಡು" ಎಂದು ಪಿಸುಗುಟ್ಟಿದರು. ಯೋಗಣ್ಣನ ಬೋಟಿ ಇದ್ದದ್ದು ವಿಜಯ್‌ಕುಮಾರನ ಹೊಟ್ಟೆಯಲ್ಲಿ.

ಒಳಗಿರುವ ಹಿರಿಯರಿಗೆ ತಿಳಿಯಲೆಂದು ಕೆಮ್ಮಿ ಸದ್ದು ಮಾಡಿ ಬಾಗಿಲು ತೆರೆದರು. ಎಡೆ ಎತ್ತಿ ಊಟಕ್ಕೆ ಕೂತಾಗ ಬೀರಮ್ಮ ಬೇರೆ ಏನನ್ನೂ ಮುಟ್ಟದೆ ಮೊದಲು ಬೋಟಿಯ ಒಂದು ಚೂರು ಬಾಯಿಗಿಟ್ಟುಕೊಂಡರು. ಅಗಿದರು. ಮತ್ತೂ ಅಗಿದರು. ಆಮೇಲೆ ನಗು ಶುರುವಾಯಿತು.

"ಇದೇನಾ? ಇಷ್ಟೇನಾ? ಹೇಮಾ, ತಿಂದು ನೋಡೇ. ರಬ್ಬರ್ ಇದ್ದಂಗೈತೆ, ಮೆಣಸೇ ಇಲ್ಲ! ಅಯ್ಯೋ ದೇವ್ರೇ, ಮದ್ವೆ ಆದಾಗಿಂದ ಇದರ ಮುಂದೆ ಸೋತೆ ಅಂದ್ಕೊಂಡಿದ್ನಲ್ಲೇ ನಾನು."

"ನಿಮ್ಮದೇ ಎಷ್ಟೋ ಚೆನ್ನಾಗಿರುತ್ತೆ ಅತ್ತೆ" ಎಂದಳು ಹೇಮಶ್ರೀ.

ಬೀರಮ್ಮನ ಮುಖದಲ್ಲಿ ವಿಜಯ್‌ಕುಮಾರ ಎಂದೂ ಕಾಣದ ಒಂದು ಗೆಲುವು ಕಂಡಿತು. ಗಂಡನ ಫೋಟೊದ ಕಡೆ ತಿರುಗಿ, "ಏನ್ರೀ, ಇದಕ್ಕಾ ಪ್ರತಿ ಭಾನ್ವಾರ ಓಡ್ತಿದ್ದದ್ದು? ನಾಲ್ಗೆ ಕೆಟ್ಟೋಗಿತ್ತು ನಿಮ್ಗೆ" ಎಂದರು. ನಗುನಗುತ್ತಲೇ ಕಣ್ಣೊರೆಸಿಕೊಂಡರು.

ಸುಮ್ಮನಿದ್ದುಬಿಡಬಹುದಿತ್ತು. ಅಮ್ಮನ ಸಂತೋಷ ಅಮ್ಮನಿಗೆ, ಅವನ ಗುಟ್ಟು ಅವನಿಗೆ. ಆದರೆ ಅಪ್ಪನದೇ ದಿನ, ಅಪ್ಪನ ಫೋಟೊದ ಮುಂದೆ, ಅಪ್ಪನ ನಾಲಿಗೆಗೆ ಈ ಅಪವಾದ. ತಪ್ಪು ಮಾಡಿದ ನಾಲಿಗೆ ಯಾವುದೆಂದು ಅವನಿಗೆ ಗೊತ್ತಿತ್ತು.

"ಅಮ್ಮ, ಅದು ಯೋಗಣ್ಣನ ಬೋಟಿ ಅಲ್ಲ."

ಬೀರಮ್ಮನ ಕೈ ಎಲೆಯ ಮೇಲೇ ನಿಂತಿತು. ಅವನು ತಲೆಯೆತ್ತದೆ ಎಲ್ಲ ಹೇಳಿದ. ಕೂತದ್ದು, ತಿಂದದ್ದು, ಇನ್ನಷ್ಟು ಕೇಳಿ ಹಾಕಿಸಿಕೊಂಡದ್ದು, ರಿಂಗ್ ರೋಡು, ಮರದ ಕೆಳಗೆ ಕವರಿನಿಂದ ಕ್ಯಾರಿಯರಿಗೆ ಸುರಿದದ್ದು. "ಉಂಡ ಕೈಲೇ ಧೂಪ ಹಾಕ್ಬುಟ್ಟೆ ಅಮ್ಮ" ಎಂದ. ಹೇಮಶ್ರೀ ಬೆರಗಾಗಿ ಅವನನ್ನೇ ನೋಡುತ್ತಿದ್ದಳು.

ಬೀರಮ್ಮ ಬಯ್ಯುತ್ತಾರೆಂದು ಅವನು ಕಾದ. ಬಯ್ಯಲಿಲ್ಲ. ಮೆಲ್ಲಗೆ ಕೇಳಿದರು.

"ಎಂಗಿತ್ತು?"

"ಏನಮ್ಮ?"

"ನೀ ತಿಂದ್ಯಲ್ಲ, ಅದು. ನಂದಕ್ಕಿಂತ ಚೆನ್ನಾಗಿತ್ತಾ?"

ಇಲ್ಲ ಎನ್ನಬೇಕೆಂದು ಅವನು ಬಾಯಿ ತೆರೆದ. ಬೆಳಗಿನಿಂದ ಅಷ್ಟೆಲ್ಲ ಸಲೀಸಾಗಿ ಮುಚ್ಚಿಟ್ಟಿದ್ದ, ಈ ಒಂದು ಸುಳ್ಳು ಬರಲಿಲ್ಲ. ತಲೆ ತಗ್ಗಿಸಿದ. ಎದುರಿಗಿದ್ದ ಮುದ್ದೆಯನ್ನು ಮುರಿಯತೊಡಗಿದ.

"ನಿಮ್ಮಪ್ಪನೂ ಇಂಗೇ ಸುಮ್ನಾಗ್ತಿದ್ರು ಕಣೋ" ಎಂದರು ಬೀರಮ್ಮ.

ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನನ್ನು ಸುಟ್ಟಿತು. ಬೀರಮ್ಮ ತಮ್ಮ ಎಲೆಯಲ್ಲಿದ್ದ ಬೋಟಿಯನ್ನೆಲ್ಲ ಒಟ್ಟುಮಾಡಿ ಮಗನ ಎಲೆಗೆ ಹಾಕಿದರು. ಹೇಮಶ್ರೀ ಬಿಟ್ಟದ್ದನ್ನೂ ಹಾಕಿದರು.

"ತಿನ್ನು. ಎಡೆಗಿಟ್ಟಿದ್ದು, ಬಿಸಾಕಂಗಿಲ್ಲ."

ವಿಜಯ್‌ಕುಮಾರ ತಿಂದ. ಹೊಟ್ಟೆಯಲ್ಲಿ ಜಾಗವಿರಲಿಲ್ಲ, ಚೂರುಗಳು ಹಲ್ಲಿಗೆ ಬಗ್ಗಲಿಲ್ಲ. ಆದರೂ ಒಂದನ್ನೂ ಬಿಡದೆ ಅಗಿದು ನುಂಗಿದ. ಪಕ್ಕದಲ್ಲಿಟ್ಟಿದ್ದ ಫೋನಿಗೆ ಗೆಳೆಯನೊಬ್ಬನ ಮೆಸೇಜು ಬಂದು ಪರದೆ ಬೆಳಗಿತು: ಮುಂದಿನ ಭಾನುವಾರ ಊರಿನಿಂದ ನೆಂಟರು ಬರುತ್ತಾರೆ, ತಿನ್ನಕ್ಕೆ ಎಲ್ಲಿ ಕರ್ಕೊಂಡು ಹೋಗೋದು?

ಬೀರಮ್ಮ ಕೈ ತೊಳೆದು ಬಂದು, ಖಾಲಿ ಕ್ಯಾರಿಯರನ್ನು ಎತ್ತಿಕೊಂಡು ಅಡುಗೆಮನೆಯ ಕಡೆ ಹೊರಟವರು ಬಾಗಿಲಲ್ಲಿ ನಿಂತರು.

"ಬರೋ ಭಾನ್ವಾರ ನನ್ನ ಕರ್ಕೊಂಡೋಗು. ಹೆಂಗಸ್ರು ಕೂರೋ ಜಾಗ ಅಲ್ದಿದ್ರೆ ನಿಂತ್ಕೊಂಡೇ ತಿಂತೀನಿ. ಚೆನ್ನಾಗೈತೋ ಇಲ್ವೋ, ನಾನೇ ಹೇಳ್ತೀನಿ."

ಬಾಯಲ್ಲಿ ಬೋಟಿ ಇತ್ತು. ಅವನು ತಲೆಯಾಡಿಸಿದ.