ಎಡಗಡೆ ಲೈನು

ಗಂಡ ರಬ್ಬರ್ ಗ್ಲೌಸನ್ನು ಪಟ್ಟನೆ ಎಳೆದು ಹಾಕಿಕೊಂಡ ಸದ್ದಿಗೇ ಕಂಬಳಿ ವಾಷಿಂಗ್ ಮಷೀನಿನ ಹಿಂದೆ ಹೋಗಿ ಸೇರಿಕೊಂಡಿತು. ಕಂಬಳಿ ಅಂದರೆ ಆ ಮನೆಯ ನಾಯಿ. ಜೂಲು ಮೈ, ಗಿಡ್ಡ ಕಾಲು, ಮಲಗಿದರೆ ಯಾರೋ ಮಡಿಸದೆ ಬಿಟ್ಟು ಹೋದ ಹೊದಿಕೆಯಂತೆ ಕಾಣುತ್ತಿತ್ತು.

"ಬಾರೋ, ಸರ್ವಿಸ್ ಟೈಮು" ಎಂದು ಗಂಡ ಬಗ್ಗಿ ಅದರ ಕಾಲರ್ ಹಿಡಿದೆಳೆದ.

ಅವನದು ಪ್ಲಂಬಿಂಗ್ ಕೆಲಸ. ಊರಿನ ಅರ್ಧ ಮನೆಗಳ ಸಿಂಕು, ಕಮೋಡು, ಮೋರಿ ಅವನ ಕೈಯಲ್ಲಿ ಹಾದುಹೋಗಿದ್ದವು. ಎಲ್ಲೇ ನೀರು ನಿಲ್ಲಲಿ, ಅವನ ಮದ್ದು ಒಂದೇ: ಬ್ಲಾಕ್ ಆದರೆ ಪ್ರೆಶರ್ ಕೊಡು, ಆಗಲೂ ಬಿಡದಿದ್ದರೆ ಇನ್ನಷ್ಟು ಕೊಡು. ಹಿಂದೊಮ್ಮೆ ಕಂಬಳಿ ಹಾಲಿನ ತುಂಬ ಅಂಡು ತಿಕ್ಕಿಕೊಂಡು ಜಾರತೊಡಗಿದಾಗ ಡಾಕ್ಟರು ಅದರ ಬಾಲ ಎತ್ತಿ, ಗುದದ ಎರಡೂ ಬದಿ ಚರ್ಮದೊಳಗಿರುವ ಪುಟ್ಟ ಚೀಲಗಳನ್ನು ಹಿಂಡಿ, ಕೊಳೆತ ಮೀನಿನ ವಾಸನೆಯ ಕಂದು ದ್ರವ ತೆಗೆದಿದ್ದರು. "ಇವು ತಾವಾಗೇ ಖಾಲಿ ಆಗ್ತವೆ. ಆಗದೆ ಇದ್ದಾಗ ಮಾತ್ರ ಕರ್ಕೊಂಡು ಬನ್ನಿ" ಎಂದೂ ಹೇಳಿದ್ದರು. ಗಂಡ ಕಣ್ಣು ಮಿಟುಕಿಸದೆ ಆ ಬೆರಳುಗಳನ್ನು ನೋಡಿದ್ದ. ಮಾತನ್ನು ಮಾತ್ರ ಕಿವಿಗೆ ಹಾಕಿಕೊಂಡಿರಲಿಲ್ಲ. ಅಂದಿನಿಂದ ವಾರವಾರವೂ ಬಚ್ಚಲಲ್ಲಿ ಸರ್ವಿಸ್.

"ನನ್ನ ಮಗನ ಕೈಗೆ ಸಿಕ್ಕಿದ್ರೆ ಒಣಗಿದ ನಲ್ಲೀನೂ ಸುರಿಯುತ್ತೆ" ಎಂದು ಅತ್ತೆ ಬಾಗಿಲಲ್ಲಿ ನಿಂತು ಮೂಗಿಗೆ ಸೆರಗು ಹಿಡಿದು ನಗುತ್ತಿದ್ದರು.

ಅತ್ತೆಯ ಹಿಂದೆ ನಿಂತಿದ್ದ ಹೆಂಡತಿಗೆ ನಗು ಬರಲಿಲ್ಲ. ನಾಯಿಯ ಬಾಲದ ಎಡಕ್ಕೆ ಊತವಿರುವುದನ್ನು ಅವಳು ಗುರುವಾರವೇ ನೋಡಿದ್ದಳು. ಅವತ್ತು ಕೆಂಪಗಿತ್ತು, ಇವತ್ತು ನೇರಳೆಗೆ ತಿರುಗಿತ್ತು. ಕಂಬಳಿ ಕೂರಲು ಹೋಗಿ ಕೂರದೆ ಎದ್ದುಬಿಡುತ್ತಿತ್ತು. ಅವಳು ಗುರುವಾರ ಹೇಳಿದ್ದಳು, ಶುಕ್ರವಾರವೂ ಹೇಳಿದ್ದಳು. "ಗಾಬರಿ ಸುಬ್ಬಿ, ನಿನಗೆ ಹಾಲು ಉಕ್ಕಿದ್ರೂ ಪ್ರಳಯಾನೇ" ಎಂದಿದ್ದ ಗಂಡ. ಆ ಅಡ್ಡಹೆಸರು ಮದುವೆಯಾದ ವರ್ಷದಿಂದಲೂ ಅವಳಿಗೆ ಅಂಟಿಕೊಂಡಿತ್ತು. ಅವಳು ಏನು ಹೇಳಿದರೂ ಆ ಹೆಸರು ಮಾತಿಗಿಂತ ಮುಂದೆ ಓಡಿ ಬಾಗಿಲು ಹಾಕಿಬಿಡುತ್ತಿತ್ತು.

"ರೀ, ಇವತ್ತು ಬೇಡ. ಅದು ಕೀವು ತುಂಬಿದ ಹಾಗಿದೆ."

"ಎಡಗಡೆ ಲೈನು ಬ್ಲಾಕ್ ಆಗಿದೆ ಅಷ್ಟೇ ಕಣೆ. ಹೋದ ವಾರನೂ ಸರಿಯಾಗಿ ಬಿಟ್ಟಿರಲಿಲ್ಲ. ಸ್ವಲ್ಪ ಜೋರಾಗಿ ಒತ್ತಿದ್ರೆ ಬಿಟ್ಕೊಳ್ಳುತ್ತೆ."

ಅವನು ಒತ್ತಿದ. ಕಂಬಳಿ ಕಿರುಚಲೂ ಇಲ್ಲ. ಸರ್ರನೆ ತಿರುಗಿ ಅವನ ಮುಂಗೈ ಕಚ್ಚಿತು.

ಹರಿದ ಗ್ಲೌಸಿನಿಂದ ಒಂದೆಳೆ ರಕ್ತ ಇಳಿಯಿತು.

"ಅನ್ನ ಹಾಕಿದ ಕೈನೇ ಕಚ್ಚೋದಾ? ಇಂಥದ್ದನ್ನ ಮನೇಲಿ ಇಟ್ಕೋಬಾರದು, ಯಾರಿಗಾದ್ರೂ ಕೊಟ್ಬಿಡಿ" ಎಂದರು ಅತ್ತೆ.

"ಇರಮ್ಮ, ನೋವಿಗೆ ಕಚ್ತು, ಪಾಪ" ಎಂದ ಗಂಡ. ಕೈ ತೊಳೆದುಕೊಂಡ. ಆಮೇಲೆ, ಅವಳು ಕಣ್ಣಾರೆ ನೋಡುತ್ತಿದ್ದಂತೆಯೇ, ತಂತಿಯ ಮೇಲಿದ್ದ ಅವಳ ದುಪಟ್ಟಾ ಎಳೆದುಕೊಂಡು ನಾಯಿಯ ಮೂತಿಗೆ ಸುತ್ತತೊಡಗಿದ. "ಬಾಯಿ ಕಟ್ಟಿದ್ರೆ ಮುಗೀತು. ಒಂದೇ ಸಲ ಗಟ್ಟಿಯಾಗಿ ಕೊಡ್ತೀನಿ."

ಅವಳ ಮೈಯೆಲ್ಲ ಉರಿದುಹೋಯಿತು. ಅವಳು ಬಚ್ಚಲಿಗೆ ನುಗ್ಗಿ ದುಪಟ್ಟಾವನ್ನು ಅವನ ಕೈಯಿಂದ ಕಿತ್ತು, ಟವೆಲ್ಲಿನಲ್ಲಿ ನಾಯಿಯನ್ನು ಬಾಚಿಕೊಂಡಳು.

"ಏಯ್, ಎಲ್ಲಿಗೆ?"

"ದಾರಿ ಬಿಡಿ."

ಆ ದನಿ ಅವಳದೇ ಎಂದು ಅತ್ತೆಗೂ ನಂಬಿಕೆಯಾಗಲಿಲ್ಲವೇನೋ, ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು.

ಗಂಡನೂ ಹಿಂದೆಯೇ ಬಂದ. ಕ್ಲಿನಿಕ್ಕಿನವರೆಗೂ ಗೊಣಗಿದ. "ಸುಮ್ಮನೆ ರಂಪ ಮಾಡ್ತೀಯ. ಡಾಕ್ಟರೂ ಅದನ್ನೇ ಮಾಡೋದು."

ಡಾಕ್ಟರು ಬಾಲ ಎತ್ತಿದರು, ಮುಟ್ಟಲಿಲ್ಲ. "ಮನೇಲಿ ಯಾರಾದ್ರೂ ಹಿಂಡ್ತಿದ್ರಾ?"

ಗಂಡ ಉತ್ಸಾಹದಿಂದಲೇ ಹೇಳಿದ. ವಾರವಾರ, ಗ್ಲೌಸ್ ಹಾಕಿಕೊಂಡು, ಡೆಟಾಲಿನಲ್ಲಿ ಒರೆಸಿ.

"ತುಂಬದೇ ಇರೋದನ್ನ ಹಿಂಡಿ ಹಿಂಡಿ ಗಾಯ ಮಾಡಿದ್ದೀರಿ. ಒಳಗೆ ಊದಿ ದಾರಿ ಮುಚ್ಚಿದೆ, ಕೀವಾಗಿದೆ. ಇವತ್ತು ಇನ್ನೊಂದು ಸಲ ಒತ್ತಿದ್ದಿದ್ರೆ ಒಳಗೇ ಒಡೀತಿತ್ತು."

"ಬ್ಲಾಕ್ ಆದ್ರೆ ಒತ್ತಡ ಕೊಡಬೇಕಲ್ವಾ, ಡಾಕ್ಟ್ರೇ?"

ಅವನು ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದ್ದ. ಅದೇ ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು. ಸುಮ್ಮನೆ ಕ್ರೂರಿಯಾಗಿದ್ದಿದ್ದರೆ ಜಗಳವಾಡುವುದಾದರೂ ಸುಲಭವಿತ್ತು.

ಮಂಪರಿನ ಇಂಜೆಕ್ಷನ್ ಕೊಟ್ಟು, ಕೊಯ್ದು ಕೀವು ತೆಗೆದರು. ಮಾತ್ರೆ ಬರೆದರು, ಬೆಳಿಗ್ಗೆ ಸಂಜೆ ಬಿಸಿನೀರಿನ ಬಟ್ಟೆಯ ಶಾಖ ಕೊಡಲು ಹೇಳಿದರು. ಮಲ ಗಟ್ಟಿಯಾಗಿ ಹೋಗಿ ಚೀಲಗಳು ತಾವಾಗೇ ಖಾಲಿಯಾಗುವಂತೆ ಊಟಕ್ಕೆ ಬೇಯಿಸಿದ ಕುಂಬಳಕಾಯಿ ಸೇರಿಸಿ, ಬಿಸ್ಕತ್ತು ನಿಲ್ಲಿಸಿ, ಹಿಂಡುವುದನ್ನಂತೂ ಮರೆತುಬಿಡಿ ಎಂದರು.

ಸಂಜೆ ಅವಳು ಅಡುಗೆಮನೆಯ ನೆಲದ ಮೇಲೆ ಕೂತು ಬಟ್ಟೆ ಹಿಂಡಿ, ಮಣಿಕಟ್ಟಿಗೆ ತಾಗಿಸಿ ಬಿಸಿ ನೋಡುತ್ತಿದ್ದಳು. ಗಂಡ ಬಂದು ನಿಂತ.

"ಕೊಡು, ನಾನು ಹಿಡೀತೀನಿ."

ಆ ದನಿಗೆ ಕಂಬಳಿ ಎದ್ದಿತು. ಕೊಯ್ದ ಗಾಯ ಎಳೆಯುತ್ತಿದ್ದರೂ ತೆವಳಿಕೊಂಡೇ ಅವಳ ಬೆನ್ನ ಹಿಂದೆ ಸರಿಯಿತು. ಅದು ಸರಿದ ದಾರಿಯಲ್ಲಿ ಒದ್ದೆ ಗುರುತಾಯಿತು.

ಗಂಡ ಅದನ್ನೇ ನೋಡುತ್ತ ನಿಂತ. "ನಾನೇನು ಬೇಕಂತ ಮಾಡಿದ್ನಾ?"

"ಬೇಕಂತ ಮಾಡಿದ್ರೆ ಒಂದು ಸಲ ಮಾಡಿ ಬಿಡ್ತಿದ್ರಿ" ಎಂದಳು ಅವಳು. "ಪ್ರೀತಿಯಿಂದ ಮಾಡಿದ್ರಿ. ಅದಕ್ಕೇ ವಾರವಾರ ಮಾಡಿದ್ರಿ."

ಅವನು ನೆಲಕ್ಕೆ ಕುಳಿತು, ಬ್ಯಾಂಡೇಜು ಸುತ್ತಿದ ಕೈಯನ್ನು ಮುಂದೆ ಚಾಚಿ, "ಕಂಬ್ಳೀ" ಎಂದು ಮೆಲ್ಲಗೆ ಕರೆದ. ನಾಯಿ ಬರಲಿಲ್ಲ. ಅವನು ಅವಳ ಮುಖ ನೋಡಿದ. ಬರ್ತಾನೆ ಬಿಡಿ, ನಾಲ್ಕು ದಿನ ಹೋಗ್ಲಿ ಎಂದು ಅವಳು ಹೇಳಬಹುದಿತ್ತು. ಅವನೂ ಅದನ್ನೇ ಕಾಯುತ್ತಿದ್ದ.

ಅವಳು ಬಟ್ಟೆಯನ್ನು ಮತ್ತೆ ಬಿಸಿನೀರಿಗೆ ಅದ್ದಿದಳು.